ಬಾವಿ ಊದುವ ದಿನ

ನಮ್ಮ ಕಡೆ ಹವೆ ಹೇಗಾಗುತ್ತದೆಂದು ತಿಳಿಯಲು ರೇಡಿಯೊ ತಿರುಗಿಸುವವರು ಕಡಿಮೆ, ಬಾವಿಯನ್ನು ಕೇಳುತ್ತಾರೆ. ಈ ಮರಳುಗುಡ್ಡಗಳಲ್ಲಿ ಕೊರೆದ ಕೊಳವೆಬಾವಿಗಳು ಉಸಿರಾಡುತ್ತವೆ. ಆಕಾಶ ತಿಳಿಯಾಗಿದ್ದರೆ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತವೆ, ಬಿರುಗಾಳಿ ಬರುವುದಿದ್ದರೆ ಒಳಗಿನದನ್ನು ಹೊರಕ್ಕೆ ಊದುತ್ತವೆ. ನನ್ನ ಮಾವ ನಮ್ಮ ಬಾವಿಯ ಪೈಪಿನ ಬಾಯಿಗೆ ಒಂದು ತವರದ ಪೀಪಿ ಬೆಸೆದಿಟ್ಟಿದ್ದರು. ಅದು ಕೂಗಿತೆಂದರೆ ಕರು ಹಾಕಿದ ಹಸುಗಳೆಲ್ಲ ಗುಡ್ಡದ ಮರೆಗೆ ಬರಬೇಕು. ನೆಬ್ರಾಸ್ಕಾದ ಈ ಮೂಲೆಯಲ್ಲಿ ಪಾದ್ರಿಯ ಮಾತನ್ನು ಅನುಮಾನಿಸಿದವರಿದ್ದಾರೆ, ಬಾವಿಯ ಮಾತನ್ನು ಅನುಮಾನಿಸಿದವರಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಆ ಕೂಗು ಕೇಳಿ ನೆಲದೊಳಗೆ ಯಾವುದೋ ಮಗು ಅಳುತ್ತಿದೆ ಎಂದು ನಾನು ಹೆದರಿದ್ದೆ. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಾನೂ ನಗುವವರ ಸಾಲಿಗೆ ಸೇರಿದೆ.

ಪಂಪು ಇರುವುದು ನೆಲದೊಳಗೆ. ಇಲ್ಲಿನ ಚಳಿಗೆ ಹೊರಗಿಟ್ಟ ಕಬ್ಬಿಣವೂ ಸೀಳುತ್ತದೆ. ಅದಕ್ಕೇ ಆಳೆತ್ತರಕ್ಕೂ ಮೀರಿದ ಗುಂಡಿ ತೋಡಿ, ಸುತ್ತ ಕಾಂಕ್ರೀಟು ಕಟ್ಟಿ, ಬಾವಿಯ ಪೈಪಿನ ಪಕ್ಕದಲ್ಲೇ ಪಂಪು ಕೂರಿಸಿ, ಮೇಲೆ ಹಲಗೆಯ ಮುಚ್ಚಳ ಹಾಕಿ ಹುಲ್ಲು ಹೊದಿಸುತ್ತಾರೆ. ಇಳಿಯುವುದಕ್ಕೆ ಒಂದು ಮರದ ಏಣಿ. ನಮ್ಮ ನೀರಿನಲ್ಲಿ ಹಿಟ್ಟಿನಷ್ಟು ಸಣ್ಣ ಮರಳು ಬರುತ್ತದೆ. ಪಂಪಿನ ಪಿಸ್ಟನ್ನಿಗೆ ಹಾಕಿದ ಚರ್ಮದ ಬಿಲ್ಲೆಗಳನ್ನು ಅದು ತಿಂದುಹಾಕುತ್ತದೆ. ಚರ್ಮ ಸವೆಯಿತೋ, ಮೋಟಾರು ಎಷ್ಟು ಕುಣಿದರೂ ನೀರು ಮೇಲೆ ಬರುವುದಿಲ್ಲ. ಹಳೆಯ ಉದ್ದ ಬೂಟುಗಳ ಮೇಲ್ಭಾಗದ ಚರ್ಮದಿಂದ ಬಿಲ್ಲೆ ಕತ್ತರಿಸುವುದು, ದನದ ಗೊರಸಿನ ಎಣ್ಣೆಯಲ್ಲಿ ನೆನೆಹಾಕಿ ಒಲೆಯ ಅಂಚಿನಲ್ಲಿ ಬೆಚ್ಚಗಿಡುವುದು ನನ್ನ ಕೆಲಸ. ಒಣ ಚರ್ಮ ಕೂರಿಸಿದರೆ ತಿಂಗಳಲ್ಲೇ ಹರಿಯುತ್ತದೆ. "ನಿನ್ನ ಕೈಯಲ್ಲಿ ಮೆತ್ತಗೆ ಬೇಯೋದು ಇದೊಂದೇ ಕಣೇ," ಎಂದು ನನ್ನ ಗಂಡ ಎಲ್ಡನ್ ಪ್ರತಿ ಸಲವೂ ಹೇಳುತ್ತಿದ್ದ, ಪ್ರತಿ ಸಲವೂ ಅವನೊಬ್ಬನೇ ನಗುತ್ತಿದ್ದ. ಬಿಲ್ಲೆ ಬದಲಿಸುವುದನ್ನು ನಾವು ಯಾವತ್ತೂ ಬಿಸಿಲಿರುವ, ಬಿಡುವಿರುವ ದಿನ ನೋಡಿಯೇ ಮಾಡುತ್ತಿದ್ದೆವು. ಕೊರೆಯುವ ಗಾಳಿಯಲ್ಲಿ ಕೂತು ಬೋಲ್ಟು ಬಿಚ್ಚುವ ಹುಚ್ಚು ಯಾರಿಗಿದೆ?

ಆ ಮಾರ್ಚಿನಲ್ಲಿ ಮಾತ್ರ ಪಂಪು ನಮ್ಮ ಬಿಡುವನ್ನು ಕೇಳಲಿಲ್ಲ. ಹಸುಗಳು ಒಂದರ ಹಿಂದೊಂದು ಕರು ಹಾಕುತ್ತಿದ್ದವು. ಬೆಳಗಿನ ಕಾಫಿಯ ಹೊತ್ತಿಗೇ ಪೀಪಿ ಕೂಗತೊಡಗಿತು. ಸ್ವಲ್ಪ ಹೊತ್ತಿಗೆ ನನ್ನ ಮೈದುನ ಓರಿನ್ ಬಾಗಿಲಲ್ಲಿ ಬೂಟು ಕುಟ್ಟುತ್ತಾ ಬಂದ. ಅಂಗಳದಾಚೆಯ ಸಣ್ಣ ಮನೆಯಲ್ಲಿ ಅವನೊಬ್ಬನೇ ಇರುತ್ತಿದ್ದ. ಮದುವೆಯಾಗಿರಲಿಲ್ಲ. ಅಣ್ಣನೆಂದರೆ ಪ್ರಾಣ, ಅಣ್ಣನ ಜೊತೆ ಜಗಳವೆಂದರೆ ಅದಕ್ಕಿಂತ ಹೆಚ್ಚು.

"ಕೇಳಿಸ್ತಾ? ಹೊಟ್ಟೆನೋವು ಬಂದವರ ಹಾಗೆ ಕೂಗ್ತಿದೆ. ಸಂಜೆ ಒಳಗೆ ಬಿರುಗಾಳಿ ಬರುತ್ತೆ, ದೊಡ್ಡದೇ ಬರುತ್ತೆ," ಎಂದ.

"ತೊಟ್ಟಿ ಅರ್ಧ ಕೂಡ ತುಂಬಿಲ್ಲ ಮಾರಾಯ," ಎಂದ ಎಲ್ಡನ್. "ಪಂಪು ಓಡ್ತಾನೇ ಇದೆ, ನೀರು ಮಾತ್ರ ಮುದುಕರು ಉಚ್ಚೆ ಹೊಯ್ದ ಹಾಗೆ ಬರ್ತಿದೆ. ಚರ್ಮ ಹೋಗಿದೆ. ಈ ಗಾಳಿ ಕಳೀಲಿ, ಬಿಸಿಲು ಬಿದ್ದ ಮೇಲೆ ಇಳಿದ್ರಾಯ್ತು."

"ಗಾಳಿ ನಾಲ್ಕು ದಿನ ಇಲ್ಲೇ ಠಿಕಾಣಿ ಹೂಡಿದ್ರೆ? ಹಾಲೂಡೋ ಹಸುಗಳಿಗೆ ಏನು ಕುಡಿಸ್ತೀಯ, ನಿನ್ನ ಕಾಫೀನಾ? ಬಾವಿ ಊದ್ತಿದೆ ಕಣೋ, ಬೇಗ ಇಳಿ. ನಿನ್ನ ಕೈಲಾಗಲ್ಲ ಅಂದ್ರೆ ಹೇಳು, ನಾನಿಳೀತೀನಿ."

"ನೀನಿಳಿದ್ರೆ ಇರೋ ನಟ್ಟನ್ನೂ ಬಾವೀಗೆ ಹಾಕ್ತೀಯ," ಎನ್ನುತ್ತಾ ಎಲ್ಡನ್ ಟೋಪಿ ತೆಗೆದುಕೊಂಡ.

ಅಣ್ಣತಮ್ಮಂದಿರು ಹುಲ್ಲು ಸರಿಸಿ ಮುಚ್ಚಳ ತೆಗೆದರು. ವೈರಿಗೆ ಕಟ್ಟಿದ ಬಲ್ಬನ್ನು ಒಳಗೆ ಇಳಿಬಿಟ್ಟು, ಏಣಿ ನಿಲ್ಲಿಸಿ, ಪಂಪಿನ ಸ್ವಿಚ್ಚು ಆರಿಸಿ ಎಲ್ಡನ್ ಇಳಿದ. ಓರಿನ್ ಹಸುಗಳನ್ನು ಹೊಡೆದುಕೊಂಡು ಬರಲು ಕೊಟ್ಟಿಗೆಯ ಹಿಂದಕ್ಕೆ ಹೋದ. ನಾನು ಬಿಲ್ಲೆಗಳನ್ನು ಬಟ್ಟೆಯಲ್ಲಿ ಸುತ್ತಿ, ದೊಡ್ಡ ಪೈಪ್ ಸ್ಪ್ಯಾನರನ್ನು ಕಂಕುಳಲ್ಲಿಟ್ಟುಕೊಂಡು ಬರುವಷ್ಟರಲ್ಲಿ ಎಲ್ಡನ್ ಪಂಪಿನ ತಲೆ ಬಿಚ್ಚಿಯಾಗಿತ್ತು. ಗುಂಡಿಯಿಂದ ಬೆಚ್ಚನೆಯ ಗಾಳಿ ನನ್ನ ಮುಖಕ್ಕೆ ಬಂತು. ವಾಸನೆ ಗೀಸನೆ ಏನೂ ಇಲ್ಲ. ಪೀಪಿ ಒಂದೇ ಸಮನೆ ಕೂಗುತ್ತಿತ್ತು.

"ಇಲ್ಲಿ ನಿನ್ನ ಅಡುಗೆಮನೆಗಿಂತ ಬೆಚ್ಚಗಿದೆ ಕಣೇ. ಹಾಸಿಗೆ ಇಲ್ಲೇ ಹಾಕಿಸ್ಕೊಂಡುಬಿಡ್ತೀನಿ," ಎಂದ ಎಲ್ಡನ್. ನಾನು ಬಿಲ್ಲೆ ಕೊಟ್ಟೆ. ತೆಗೆದುಕೊಂಡ. ಸ್ವಲ್ಪ ಹೊತ್ತಿಗೆ, "ಬಿಲ್ಲೆ ತಂದ್ಯಾ?" ಎಂದ.

"ಕೊಟ್ನಲ್ಲ, ಕೈಯಲ್ಲೇ ಇದೆ."

"ಓ," ಎಂದು ಕೈ ನೋಡಿಕೊಂಡು ನಕ್ಕ. ನಟ್ಟು ಕೈಜಾರಿ ಬಿತ್ತು, ಅದಕ್ಕೂ ನಕ್ಕ. ಅವನ ನಗು ನನಗೆ ಗೊತ್ತು. ಇದು ಅವನದಲ್ಲ. "ಬಿಲ್ಲೆ ತಂದ್ಯಾ ಆರ್ಡಿತ್? ಹಾಸಿಗೆ... ಇಲ್ಲೇ ಹಾಕು," ಎಂದ. ನಾಲಿಗೆ ದಪ್ಪಗಾದಂತಿತ್ತು. ಹೊಟ್ಟೆಯ ಮೇಲೆ ಮಲಗಿ ತಲೆಯನ್ನು ಗುಂಡಿಯೊಳಗೆ ಇಳಿಬಿಟ್ಟು, "ಮೇಲೆ ಬಾ ಎಲ್ಡನ್, ಸಾಕು, ಮೇಲೆ ಬಾ," ಎಂದು ಕೂಗಿದೆ. ಎರಡು ಉಸಿರು ಎಳೆದಿದ್ದೆನೋ ಇಲ್ಲವೋ, ತುಟಿ ಜೋಮು ಹಿಡಿಯಿತು, ಕಣ್ಣಮುಂದೆ ಬೂದಿ ಸುರಿದಂತಾಯಿತು. ಹೇಗೆ ಹಿಂದಕ್ಕೆ ಬಿದ್ದೆನೋ ದೇವರಿಗೇ ಗೊತ್ತು. ಹಿಮದ ಮೇಲೆ ಅಂಗಾತ ಬಿದ್ದು, ತಣ್ಣನೆಯ ಗಾಳಿ ಕುಡಿದ ಮೇಲೆ ಲೋಕ ವಾಪಸು ಬಂತು. ಮತ್ತೆ ಬಗ್ಗಿ ನೋಡಿದಾಗ, ಉಸಿರು ಬಿಗಿಹಿಡಿದುಕೊಂಡೇ ನೋಡಿದೆ, ಎಲ್ಡನ್ ಗೋಡೆಗೆ ಒರಗಿ ಕೂತಿದ್ದ, ಮಧ್ಯಾಹ್ನದ ಊಟ ಮುಗಿಸಿ ಕೂರುವ ಹಾಗೆ. ಕಣ್ಣು ಅರ್ಧ ತೆರೆದಿತ್ತು. ಬಲ್ಬು ಜೋರಾಗಿ ಉರಿಯುತ್ತಿತ್ತು.

ನನ್ನ ಕಿರುಚಾಟ ಕೇಳಿ ಓರಿನ್ ಅಂಗಳದುದ್ದಕ್ಕೂ ಓಡಿಬರುತ್ತಿದ್ದ. ಅವನು ಏನು ಮಾಡುತ್ತಾನೆಂದು ನನಗೆ ಗೊತ್ತಿತ್ತು, ಕೇಳದೆ ನೋಡದೆ ಏಣಿಯಿಳಿಯುತ್ತಾನೆ. ಇಳಿದವನು ಅಣ್ಣನ ಪಕ್ಕದಲ್ಲಿ ಇನ್ನೊಬ್ಬನಾಗಿ ಕೂರುತ್ತಾನೆ. ನಾನು ಏಣಿಯನ್ನು ಎರಡು ಕೈಯಲ್ಲೂ ಹಿಡಿದು ಮೇಲಕ್ಕೆಳೆದು ಆಚೆಗೆ ಎಸೆದೆ.

"ಏನ್ ಮಾಡ್ತಿದ್ದೀಯ! ಹುಚ್ಚು ಹಿಡೀತಾ ನಿಂಗೆ?"

"ಒಳಗಿನ ಗಾಳಿ ಕೆಟ್ಟಿದೆ. ಇಳೀಬೇಡ. ಹಗ್ಗ ತಾ, ಹುಲ್ಲಿನ ಹೊರೆ ಎಳೆಯೋ ಕೊಕ್ಕೆ ತಾ, ಮೇಲಿಂದ ಎಳೆಯೋಣ."

"ಬಲ್ಬು ಉರೀತಿದೆ, ಕಾಣ್ಸಲ್ವಾ? ಬಿಡು!" ಎಂದವನೇ ಗುಂಡಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟ. ಹಾರಿಬಿಡುವವನಿದ್ದ. ನಾನು ಅವನ ಕೊರಳಪಟ್ಟಿ ಹಿಡಿದೆಳೆದೆ. ಅವನು ನನ್ನನ್ನು ಕೊಡವಿ ಎದ್ದ. ನನ್ನ ಕೈಗೆ ಸಿಕ್ಕಿದ್ದು ಆ ಪೈಪ್ ಸ್ಪ್ಯಾನರು. ಅವನ ಮಂಡಿಗೆ ಬೀಸಿದೆ. ಮೂಳೆ ಲಟಕ್ಕೆಂದದ್ದು ಗಾಳಿಯಲ್ಲೂ ಕೇಳಿಸಿತು. ಅವನು ಹಿಮದ ಮೇಲೆ ಉರುಳಿಬಿದ್ದು ನನ್ನ ಹೆಸರು ಹಿಡಿದು ಬೈದ ಬೈಗುಳಗಳನ್ನು ಇಲ್ಲಿ ಬರೆಯಲಾರೆ.

ಕೊಕ್ಕೆ ತಂದೆ, ಹಗ್ಗ ಕಟ್ಟಿದೆ. ಕೊಕ್ಕೆ ಎಲ್ಡನ್‌ನ ಉಡುಪಿನ ಪಟ್ಟಿಗೆ ಸಿಕ್ಕಿಕೊಳ್ಳಲು ಎಷ್ಟು ಸಲ ಎಸೆದೆನೋ. ಕೊನೆಗೆ ಹಗ್ಗವನ್ನು ಟ್ರಕ್ಕಿಗೆ ಕಟ್ಟಿ ಎಳೆದೆ. ಮೇಲೆ ಬಂದಾಗ ಅವನ ಮುಖ ಬೆಚ್ಚಗಿತ್ತು. ಓರಿನ್ ತೆವಳಿಕೊಂಡು ಬಂದು ಅಣ್ಣನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಆ ಬಿರುಗಾಳಿಯ ಹೊಸ ಹಿಮ ಬೀಳತೊಡಗಿದ್ದು ಆಗಲೇ.

ದಾರಿ ತೆರೆದು ಡಾಕ್ಟರು ಬರುವ ಹೊತ್ತಿಗೆ ಗಾಳಿ ನಿಂತು ಆಕಾಶ ತೊಳೆದಿಟ್ಟಂತಾಗಿತ್ತು. ಹೃದಯ ನಿಂತಿದೆ ಎಂದರು. ಅದೇನು, ಯಾರು ಸತ್ತರೂ ಹೃದಯ ನಿಂತೇ ನಿಲ್ಲುತ್ತದೆ. ನಾನು ಗುಂಡಿಯ ಗಾಳಿಯ ಮಾತೆತ್ತಿದೆ. ಅವರು ನನ್ನ ಭುಜ ತಟ್ಟಿ ನಿದ್ದೆಮಾತ್ರೆ ಕೊಟ್ಟು ಹೋದರು.

ಮಣ್ಣುಮಾಡಿ ಬಂದ ಮಾರನೆಯ ದಿನ, ಮಂಡಿಗೆ ಪಟ್ಟಿ ಕಟ್ಟಿಕೊಂಡ ಓರಿನ್ ಏಣಿ ಹಾಕಿ, ಒಂದೇ ಕಾಲೂರುತ್ತಾ ಆ ಗುಂಡಿಗೆ ಇಳಿದ. ಬಿಸಿಲಿತ್ತು, ಪೀಪಿ ಸುಮ್ಮನಿತ್ತು. ನಾನು ಅಡುಗೆಮನೆಯ ಕಿಟಕಿಯಲ್ಲಿ ಉಸಿರು ಬಿಗಿಹಿಡಿದು ನಿಂತೆ. ಅವನು ಅಣ್ಣ ಬಿಟ್ಟುಹೋದ ಬಿಲ್ಲೆಗಳನ್ನು ಕೂರಿಸಿದ, ಬೋಲ್ಟು ಬಿಗಿದ, ಅಲ್ಲೇ ಕೂತು ಸಿಗರೇಟು ಸೇದಿದ. ಹೊಗೆ ಮೇಲೆ ಬರುವುದು ನನಗೆ ಕಾಣುತ್ತಿತ್ತು. ಆಮೇಲೆ ಮೇಲೆ ಬಂದು ಕಿಟಕಿಯ ಮುಂದೆ ನಿಂತ.

"ನೋಡಿದ್ಯಾ? ಸಿಗರೇಟು ಪೂರ್ತಿ ಸೇದಿ ಬಂದೆ. ಎಲ್ಲಿದೆ ನಿನ್ನ ಕೆಟ್ಟ ಗಾಳಿ? ಒಂದು ನಿಮಿಷದ ಕೆಲಸ ಇತ್ತು ಆರ್ಡಿತ್. ಇಳಿದು, ಹೆಗಲ ಮೇಲೆ ಹಾಕ್ಕೊಂಡು ಬರ್ತಿದ್ದೆ. ಅವನು ಬದುಕ್ತಿದ್ದ."

ನನಗೂ ಅನುಮಾನ ಬಂತು. ಆ ವಾರ ನಾನು ಎಷ್ಟು ಸಲ ನನ್ನನ್ನೇ ಕೊಲೆಗಾತಿ ಎಂದುಕೊಂಡೆನೋ ಲೆಕ್ಕವಿಲ್ಲ.

ಊರ ಬಾಯಿಗೆ ಬೀಗ ಹಾಕಲಾದೀತೇ? ಎಲ್ಲ ಮನೆಗೂ ಒಂದೇ ಟೆಲಿಫೋನ್ ತಂತಿ, ಒಬ್ಬರು ಎತ್ತಿದರೆ ಹತ್ತು ಕಿವಿ. ಸಾವಿನ ಮನೆಗೆ ತರಬೇಕಾದ ಬೀನ್ಸು, ಹಂದಿಮಾಂಸದ ಪಾತ್ರೆಗಳನ್ನು ಹೆಂಗಸರು ಮೆಟ್ಟಿಲ ಮೇಲಿಟ್ಟು, ಬಾಗಿಲು ತಟ್ಟದೆ ಹೋದರು. ಚರ್ಚಿನಲ್ಲಿ ಓರಿನ್ ಕುಂಟುತ್ತಾ ಬಂದು ಕೂತರೆ ಎಲ್ಲರೂ ಮೊದಲು ಅವನ ಕಾಲು ನೋಡಿ ಆಮೇಲೆ ನನ್ನ ಕೈ ನೋಡುತ್ತಿದ್ದರು. ಹಲ್ಡಾ ಅಂತ ಒಬ್ಬಳಿದ್ದಾಳೆ, ನಮ್ಮ ಪಕ್ಕದ ಜಮೀನಿನವಳು, ನಾಲಿಗೆಯಲ್ಲೇ ಕೋಳಿ ಕುಯ್ಯುವವಳು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರು ನನ್ನ ಲೋಟಕ್ಕೆ ಕಾಫಿ ಸುರಿಯುತ್ತಾ ಕೇಳಿದಳು, "ಏಣಿ ತುಂಬಾ ಭಾರ ಇತ್ತಾ ಆರ್ಡಿತ್?"

"ಬೇಕಾದ್ರೆ ಬಂದು ಎತ್ತಿ ನೋಡು," ಎಂದೆ. ಲೋಟ ಅಲ್ಲೇ ಬಿಟ್ಟು ಮನೆಗೆ ಬಂದು ಕೂತು ಅತ್ತೆ.

ಆದರೆ ನನ್ನ ತುಟಿ ಜೋಮು ಹಿಡಿದದ್ದು ಸುಳ್ಳಲ್ಲವಲ್ಲ. ಅದೊಂದನ್ನು ಹಿಡಿದುಕೊಂಡು ಯೋಚಿಸಿದೆ. ಗಾಜಿನೊಳಗೆ ಉರಿಯುವ ಬಲ್ಬಿಗೆ ಗಾಳಿ ಬೇಡ, ಬೆಂಕಿಗೆ ಬೇಕು. ಒಲೆಗೆ ಹಾಕುವ ಜೋಳದ ದಿಂಡೊಂದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಹಚ್ಚಿ, ತಂತಿಗೆ ಕಟ್ಟಿ ಗುಂಡಿಗೆ ಇಳಿಬಿಟ್ಟೆ. ಬಿಸಿಲಿನ ದಿನ ಅದು ತಳದವರೆಗೂ ಧಗಧಗ ಉರಿಯಿತು. ಏಪ್ರಿಲಿನ ಮೊದಲಲ್ಲಿ ಒಂದು ಮಳೆಗೆ ಮುಂಚೆ ಪೀಪಿ ಕೂಗಿದಾಗ ಮತ್ತೆ ಇಳಿಬಿಟ್ಟೆ. ಅರ್ಧಕ್ಕೆ ಹೋಗುವಷ್ಟರಲ್ಲಿ ಯಾರೋ ಉಗುಳಿ ಆರಿಸಿದಂತೆ ಆರಿಹೋಯಿತು. ಬಾವಿ ಊದುವಾಗ ನೆಲದಾಳದ ಸತ್ತ ಗಾಳಿ ಗುಂಡಿಗೆ ತುಂಬುತ್ತದೆ. ಒಳಕ್ಕೆಳೆದುಕೊಳ್ಳುವಾಗ ಮೇಲಿನ ಒಳ್ಳೆಯ ಗಾಳಿ ಇಳಿಯುತ್ತದೆ. ಬಿಸಿಲಿನ ದಿನಗಳಲ್ಲಿ ಮಾತ್ರ ಇಳಿಯುತ್ತಿದ್ದ ನಮಗೆ ಇದು ತಲೆಮಾರಿನಿಂದ ತಿಳಿದೇ ಇರಲಿಲ್ಲ. ಬೇಗ ಇಳಿ, ಬೇಗ ಮುಗಿಸು ಎಂದು ನಾವು ಅರ್ಥ ಮಾಡಿಕೊಂಡ ಕೂಗೇ ಇಳಿಯಬೇಡ ಎನ್ನುವ ಕೂಗಾಗಿತ್ತು.

ಓರಿನ್‌ಗೆ ಹೇಳಲು ಹೋದೆ. ಬಾಗಿಲು ತೆರೆಯಲಿಲ್ಲ. ಎರಡನೆಯ ಸಲ ಹೋದಾಗ ಒಳಗಿಂದಲೇ, "ಇನ್ನೊಂದು ಕಾಲು ಬಾಕಿ ಇದೆ ಅಂತ ಬಂದ್ಯಾ?" ಎಂದ. ಅವನದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಏಪ್ರಿಲ್ ಕೊನೆಯಲ್ಲಿ, ಹುಲ್ಲು ಹಸಿರಾದ ಮೇಲೆ, ಮತ್ತೊಂದು ಹಿಮಗಾಳಿಗೆ ಬಾವಿ ಕೂಗಲು ಶುರುಮಾಡಿತು. ನೀರು ಮತ್ತೆ ಸಣ್ಣಗಾಗಿತ್ತು. ಓರಿನ್ ಕೂರಿಸಿದ ಬಿಲ್ಲೆಗಳು ಕೂರಿಸುವ ಮೊದಲೇ ಗುಂಡಿಯಲ್ಲಿ ಬಿದ್ದು ಒಣಗಿದ್ದವು, ನನ್ನ ಹತ್ತಿರ ಎಣ್ಣೆ ಕೇಳಲು ಅವನ ಸೊಕ್ಕು ಬಿಟ್ಟಿರಲಿಲ್ಲ. ಹರಿದುಹೋಗಿದ್ದವು. ಅವನು ಸಾಮಾನಿನ ಪೆಟ್ಟಿಗೆ ಹಿಡಿದು, ಏಣಿಯನ್ನು ಹೆಗಲ ಮೇಲೆ ಹೊತ್ತು ಕುಂಟುತ್ತಾ ಬರುವುದು ಕಿಟಕಿಯಿಂದ ಕಂಡಿತು. ನಾನು ದಿಂಡುಗಳ ಬಕೆಟ್ಟು, ಸೀಮೆಎಣ್ಣೆ ಎತ್ತಿಕೊಂಡು ಓಡಿದೆ. ಅವನಿಗಿಂತ ಮೊದಲೇ ಹೋಗಿ ಗುಂಡಿಯ ಮುಚ್ಚಳದ ಮೇಲೆ ಕೂತುಬಿಟ್ಟೆ.

"ಏಳು ಆರ್ಡಿತ್."

"ಏಳಲ್ಲ."

"ನಿನ್ನನ್ನ ಎತ್ತಿ ಬಿಸಾಕೋದು ನಂಗೇನು ದೊಡ್ಡ ಕೆಲಸ ಅಲ್ಲ."

"ಬಿಸಾಕು. ಒಂಟಿ ಕಾಲಲ್ಲಿ ಬಿಸಾಕು ನೋಡೋಣ. ಒಂದೇ ಒಂದು ಸಲ ಈ ದಿಂಡು ಇಳಿಬಿಡೋದು ನೋಡು. ಆಮೇಲೆ ಇಳೀತೀಯೋ, ಹಾರ್ತೀಯೋ, ನಿನ್ನಿಷ್ಟ. ನಾನು ತಡೆಯಲ್ಲ."

"ನಾಟಕ ಆಡೋಕೆ ನಂಗೆ ಟೈಮಿಲ್ಲ. ಹಸುಗಳು ಬಾಯಾರಿವೆ."

"ನನ್ನನ್ನ ಕೊಲೆಗಾತಿ ಅಂತ ಸಾರೋಕೆ ಟೈಮಿತ್ತು. ಇದಕ್ಕೂ ಮಾಡ್ಕೋ."

ಅವನು ಏಣಿ ಕೆಳಗಿಟ್ಟ. ನಾನು ಒಂದು ಹಲಗೆ ಸರಿಸಿ, ದಿಂಡಿಗೆ ಬೆಂಕಿ ಹಚ್ಚಿ ಇಳಿಬಿಟ್ಟೆ. ಪೀಪಿ ಕೂಗುತ್ತಿತ್ತು. ಉರಿ ಒಂದು ಮಾರು ಇಳಿಯಿತು, ಸಣ್ಣಗಾಯಿತು, ಹೋಯಿತು. ಮೇಲೆಳೆದಾಗ ಹೊಗೆ ಮಾತ್ರ.

"ಎಣ್ಣೆ ಸರಿಯಾಗಿ ಹಿಡಿದಿಲ್ಲ," ಎಂದ.

"ನೀನೇ ಅದ್ದು."

ಅವನೇ ಅದ್ದಿದ, ಅವನೇ ಹಚ್ಚಿದ, ಅವನೇ ಇಳಿಬಿಟ್ಟ. ಹೋಯಿತು. ಇನ್ನೊಂದು ಹಚ್ಚಿ ಗಾಳಿಯಲ್ಲಿ ಬೀಸಿ ನೋಡಿದ, ಅದು ಹಿಮದ ಗಾಳಿಗೂ ಆರಲಿಲ್ಲ. ಅದನ್ನೇ ಒಳಗೆ ಬಿಟ್ಟ. ಆರಿಹೋಯಿತು. ಮುಖದಿಂದ ಸಿಟ್ಟು ಇಳಿದುಹೋಗಿ, ಅಲ್ಲಿ ಬೇರೇನೂ ಬರದೆ ಖಾಲಿಯಾಗಿ ಉಳಿಯಿತು. ಗುಂಡಿಯ ಪಕ್ಕ ನೆಲದ ಮೇಲೆ, ನೋಯುವ ಕಾಲನ್ನು ಮುಂದಕ್ಕೆ ಚಾಚಿ ಕೂತ.

ನಾನು ಗೆದ್ದಿದ್ದೆ. ಅವನು ತಪ್ಪೊಪ್ಪಿಕೊಳ್ಳಲಿ, ಚರ್ಚಿನ ಮುಂದೆ ನಿಂತು ಹೇಳಲಿ, ಹಲ್ಡಾಳ ಬಾಯಿ ಮುಚ್ಚಲಿ ಎಂದು ನಾನು ಕಾದಿದ್ದ ಗಳಿಗೆ ಇದೇ. ಓರಿನ್ ಹೇಳಿದ್ದು ಅದಾವುದೂ ಅಲ್ಲ.

"ಅವನು ಬಿಸಿಲು ಬೀಳ್ಲಿ ಅಂದಿದ್ದ," ಎಂದ. "ಬೇಗ ಇಳಿ ಅಂದವನು ನಾನು."

ನಾನು ಆರಿದ ದಿಂಡನ್ನು ಬಕೆಟ್ಟಿಗೆ ಹಾಕಿದೆ.

"ನಿನಗೆ ನೆನಪಿತ್ತಾ?"

"ಇತ್ತು."

"ದಿಂಡು ಆರಿದ ದಿನಾನೇ ನಿಂಗೆ ಗೊತ್ತಾಯ್ತು. ನಾನು ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದಾಗ ನೀನು ಅವನನ್ನ ಇಳಿಸಿದ್ದು ನಾನೇ ಅಂತ ಯಾರಿಗೂ ಹೇಳ್ಲಿಲ್ಲ."

"ನೀನು ಹೇಳದೇ ಇದ್ರೂ ಅವನು ಇಳೀತಿದ್ದ ಓರಿನ್. ಹಸುಗಳು ಬಾಯಾರಿದ್ರೆ ಅವನು ಕಾಯ್ತಿರಲಿಲ್ಲ."

"ಕಾಯ್ತಿದ್ದ," ಎಂದ. ಅವನಿಗೂ ಗೊತ್ತು, ನನಗೂ ಗೊತ್ತು, ಎಲ್ಡನ್ ಕಾಯುತ್ತಿದ್ದ.

ನಂಬು ನಂಬು ಎಂದು ನಾನು ಆ ಮನುಷ್ಯನ ಬಾಗಿಲು ಬಡಿದಿದ್ದೆ. ಈಗ ಆ ಮುಖ ನೋಡಿ, ಅವನು ನಂಬದೆ ನನ್ನನ್ನು ಬೈದುಕೊಂಡೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಬೈಯುವವನು ಊಟ ಮಾಡುತ್ತಾನೆ, ಕೆಲಸಕ್ಕೆ ಬರುತ್ತಾನೆ. ಹಿಮ ಬೀಳತೊಡಗಿತು. ಹಸುಗಳು ತೊಟ್ಟಿಯ ಸುತ್ತ ನಿಂತು ಅರಚುತ್ತಿದ್ದವು. ಓರಿನ್ ಆ ಕಡೆ ತಿರುಗಿ ಕೂಡ ನೋಡಲಿಲ್ಲ. ನಾನು ಸರಿಸಿದ ಹಲಗೆಯ ಸಂದನ್ನೇ ನೋಡುತ್ತಿದ್ದ.

"ನೀನು ಒಳಗೆ ಹೋಗು ಆರ್ಡಿತ್," ಎಂದ. ಅವನು ನನ್ನ ಹತ್ತಿರ ಅಷ್ಟು ಮೆತ್ತಗೆ ಯಾವತ್ತೂ ಮಾತಾಡಿರಲಿಲ್ಲ. "ಚಳಿ ಹಿಡಿಯುತ್ತೆ. ನಾನು ಇಲ್ಲಿ ಸ್ವಲ್ಪ ಹೊತ್ತು ಕೂತಿದ್ದು ಬರ್ತೀನಿ."

"ಇಲ್ಲಿ ಕೂತು ಏನು ಮಾಡ್ತೀಯ?"

"ಏನಿಲ್ಲ. ಸುಮ್ನೆ."

ಏಣಿ ಅವನ ಕೈಗೆಟುಕುವಲ್ಲಿತ್ತು. ನಾನು ಹಲಗೆಯನ್ನು ಕಾಲಿನಿಂದ ಒದ್ದು ಸಂದು ಮುಚ್ಚಿ ಅದರ ಮೇಲೆ ಪೂರ್ತಿ ಕೂತುಕೊಂಡೆ. ಅವನ ಕೋಟಿನ ತೋಳನ್ನು ಮುಷ್ಟಿಯಲ್ಲಿ ಹಿಡಿದೆ. ಕೆಳಗೆ, ನನ್ನ ತೊಡೆಯ ಅಡಿಯಲ್ಲೇ, ಬಾವಿ ಊದುತ್ತಿತ್ತು. ಹಲಗೆಯ ಬಿರುಕಿನಿಂದ ಬೆಚ್ಚನೆಯ ಗಾಳಿ ಬಂದು ಕಾಲಿಗೆ ತಾಗುತ್ತಿತ್ತು.

"ಬಿಡು. ಒಳಗೆ ಹೋಗು."

"ಹೋಗ್ತೀನಿ. ನೀನು ಮೊದಲು ಎದ್ದು ಅಡುಗೆಮನೆಗೆ ನಡಿ, ಕಾಫಿಗೆ ನೀರಿಡು. ನಿನ್ನ ಒಲೇಲಿ ಅಲ್ಲ, ನನ್ನದರಲ್ಲಿ. ಹೊಗೆಗೂಡಲ್ಲಿ ಹೊಗೆ ಬರೋದು ಕಂಡ ಮೇಲೆ ಬರ್ತೀನಿ."

ಅವನು ಏಳಲಿಲ್ಲ. ನಾನು ತೋಳು ಬಿಡಲಿಲ್ಲ. ಅವನ ಟೋಪಿಯ ಮೇಲೆ, ನನ್ನ ಮಡಿಲಲ್ಲಿ ಹಿಮ ಕೂರತೊಡಗಿತು.